ಹೆಬ್ಬಾಗಿಲಿಗೆ ಸೂಜಿ ಚುಚ್ಚಿದ ವರ್ಷಗಳು

ಈ ಕೆಲಸಕ್ಕೆ ಬರುವವರು ಮೊದಲು ಕೂರುವುದನ್ನು ಕಲಿಯಬೇಕು. ಸೂಜಿ ಹಿಡಿಯುವುದು ಆಮೇಲೆ. ಬೆನ್ನು ಬಗ್ಗಿಸಿ ಕೂತರೆ ಮಧ್ಯಾಹ್ನದ ಹೊತ್ತಿಗೆ ಒಂದು ಗೆರೆ ಎರಡಾಗಿ ಕಾಣುತ್ತದೆ. ಎರಡರ ನಡುವೆ ತೂತು ಬೀಳುತ್ತದೆ. ಅಷ್ಟಗಲ ಕಾಗದ ಕಸದ ಡಬ್ಬಿಗೆ ಹೋಗುತ್ತದೆ. ಷೆಡ್ಡಿಗೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಯಾವ ಸೂಜಿ ಒಳ್ಳೆಯದು ಆಂಟಿ ಎಂದು. ಯಾವ ಸೂಜಿಯಾದರೂ ನಡೆಯುತ್ತದೆ. ಒಳ್ಳೆಯ ಕುರ್ಚಿ ಕೇಳಿ ಪಡೆಯಿರಿ. ನಾನು ಕೇಳಲಿಲ್ಲ, ಈಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬರೆಯುತ್ತಿದ್ದೇನೆ.

ಮನೆಯಲ್ಲಿ ನಾವು ಆಡುವುದು ಉರ್ದು. ಶಿವಾಜಿನಗರದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಕಲಿತದ್ದು ಕನ್ನಡ, ಅದರಲ್ಲೇ ಬರೆಯುತ್ತೇನೆ. ತಪ್ಪಿದ್ದರೆ ನಮ್ಮ ಷೆಡ್ಡಿನ ಶಾಂಭವಿ ತಿದ್ದುತ್ತಾಳೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕೊರಿಯಾ ದೇಶದ ಹಳೇ ಪಟ್ಟಣಗಳಿಗೆ ಸುತ್ತ ಕೋಟೆ, ಕೋಟೆಗೆ ಹೆಬ್ಬಾಗಿಲು ಇರುತ್ತಿದ್ದವು. ಅಂಥದ್ದೊಂದನ್ನು ಲಾಸ್ ಏಂಜಲೀಸ್‌ನ ಒಂದು ತೋಟದಲ್ಲಿ ನಿಲ್ಲಿಸಬೇಕೆಂದು ಅಲ್ಲಿಯ ಕೊರಿಯಾದವರು ಸೇರಿ ಮಾಡಿದ ಏರ್ಪಾಡು. ಕೆಳಗೆ ಕಲ್ಲಿನ ಕಟ್ಟೆ. ಕಟ್ಟೆಯ ಹೊಟ್ಟೆಯಲ್ಲಿ ಕಮಾನಿನ ದಾರಿ, ಅದಕ್ಕೆ ಮರದ ಹಲಗೆಯ ಸೂರು. ಮೇಲೆ ಮರದ ಮಂಟಪ. ಅದರ ಮೇಲೆ, ಹಾರಲು ಹೊರಟ ಹಕ್ಕಿಯ ಹಾಗೆ ತುದಿ ಎತ್ತಿದ ಹೆಂಚಿನ ಮಾಡು. ಮಾಡಿನ ಏಣಿನ ಮೇಲೆ ಸಾಲಾಗಿ ಕೂತ ಮಣ್ಣಿನ ಗೊಂಬೆಗಳು, ಕೆಟ್ಟದ್ದು ಬಾರದಿರಲಿ ಎಂದು ಕಾಯುವುದಕ್ಕೆ. ನಿಜವಾದದ್ದರ ಅರ್ಧದಷ್ಟು ಅಳತೆ. ಕಂಬಕ್ಕೆ ತೊಲೆ ಸೇರುವಲ್ಲಿ ಮರಕ್ಕೆ ಮರವೇ ಕಚ್ಚಿಕೊಳ್ಳುತ್ತದೆ. ಭೂಕಂಪದ ಊರೆಂದು ಒಳಗೆ ಕಬ್ಬಿಣವನ್ನೂ ಸೇರಿಸಿದರು, ಹೊರಗೆ ಕಾಣುವುದಿಲ್ಲ. ಮರದ್ದೂ ಬಣ್ಣದ್ದೂ ಎಲ್ಲ ಕೆಲಸ ಸ್ಯಾನ್ ಡಿಯಾಗೊ ಹತ್ತಿರದ ಪೊವೇಯ ಬಿಸಿನೆಸ್ ಪಾರ್ಕಿನ ಷೆಡ್ಡಿನಲ್ಲಿ ನಡೆಯಿತು. ಮುಗಿದದ್ದನ್ನು ಬಿಚ್ಚಿ ಟ್ರಕ್ಕಿನಲ್ಲಿ ಲಾಸ್ ಏಂಜಲೀಸಿಗೆ ಸಾಗಿಸುತ್ತಿದ್ದರು.

ನಾನು ಅಲ್ಲಿಗೆ ಸೇರಿದ್ದು ಒಂದು ಬ್ಲೌಸಿನ ದೆಸೆಯಿಂದ. ಕರೋನಾ ವರ್ಷ ವೆಸ್ಟ್ ಕೊವಿನಾದಲ್ಲಿ ನಾನಿದ್ದ ಆಲ್ಟರೇಷನ್ ಅಂಗಡಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಮಗಳು ಶಬಾನಾ ತನ್ನ ಮನೆಗೆ, ಪೊವೇಗೆ, ಕರೆದುಕೊಂಡು ಬಂದಳು. ಅವಳ ಗರಾಜಿನಲ್ಲಿ ಆರಿ ಕೆಲಸ ಶುರು ಮಾಡಿದೆ. ಬ್ಲೌಸಿನ ಕುತ್ತಿಗೆಗೆ, ತೋಳಿಗೆ ಕೊಕ್ಕೆ ಸೂಜಿಯಲ್ಲಿ ಜರಿ, ಮಣಿ ಕೂರಿಸುವ ಕಸೂತಿ. ಮರುವರ್ಷ ಅಕ್ಕನ ಮದುವೆಗೆಂದು ಬ್ಲೌಸ್ ಹಿಡಿದುಕೊಂಡು ಬಂದವಳು ಈ ಶಾಂಭವಿ. ಬಾಗಲಕೋಟೆ ಕಡೆಯವಳು, ಪೊಮೊನಾದಲ್ಲಿ ಕಟ್ಟಡದ ನಕ್ಷೆಯ ಓದು ಮುಗಿಸಿ ಆ ಷೆಡ್ಡಿನಲ್ಲಿ ಡ್ರಾಯಿಂಗ್ ಮಾಡುತ್ತಿದ್ದಳು. ಬ್ಲೌಸು ಮೇಜಿನ ಮೇಲೆ ಎಸೆದು ನನ್ನ ಕಾಗದ ಎತ್ತಿ ಬೆಳಕಿಗೆ ಹಿಡಿದಳು.

"ಆಂಟಿ, ಈ ತೂತಿನ ಕಾಗದ ಎಲ್ಲಿಂದ ಬಂತ್ರೀ?"

"ಎಲ್ಲಿಂದ ಬರತ್ತೆ? ನಾನೇ ಚುಚ್ಚಿದ್ದು. ಖಾಕಾ ಅಂತಾರೆ. ಬಟ್ಟೆ ಮೇಲಿಟ್ಟು ಪುಡಿ ಉಜ್ಜಿದ್ರೆ ಹೂವು ಇಳಿಯತ್ತೆ."

"ಅಯ್ಯ ಶಿವನ, ನಮ್ಮ ಷೆಡ್ಡಿನ್ಯಾಗೂ ಇದೇ ಐತ್ರೀ! ತೊಲಿ ಮ್ಯಾಲ ಇಟ್ಟು ಪುಡಿ ಬಡೀತಾರ."

"ತೊಲೆಗೆ ಯಾರಮ್ಮ ಬ್ಲೌಸ್ ಹೊಲಿಸ್ತಾರೆ?"

"ಬರ್ರೀ ನೋಡಾಕ. ಚುಚ್ಚೋರು ಸಿಗವಲ್ರು ಅಂತ ನಮ್ಮ ಮೇಷ್ಟ್ರು ತಲಿ ಹಿಡ್ಕೊಂಡು ಕುಂತಾರ."

ಶಬಾನಾಗೆ ಹಿಡಿಸಲಿಲ್ಲ. "ಅಮ್ಮಿ, ಈ ವಯಸ್ಸಲ್ಲಿ ಗೋಡೌನ್ ಕೆಲಸಕ್ಕೆ ಹೋಗ್ತೀಯಾ? ಜನ ಕೇಳಿದ್ರೆ ಏನು ಹೇಳ್ಲಿ?" ಎಂದಳು.

"ಹೋಗಿದ್ದಾಳೆ ಅಂತ ಹೇಳು" ಎಂದೆ.

ಯುನ್ ಮೇಷ್ಟ್ರು ಎಂದು ನಾವು ಕರೆಯುತ್ತಿದ್ದವರು ಬಣ್ಣದ ಕೆಲಸದ ಯಜಮಾನರು. ನನ್ನ ಓರಗೆಯವರು. ಬೋಳು ತಲೆ, ಇಸ್ತ್ರಿ ಮಾಡಿದ ಅಂಗಿ. ನಾನು ಮೊದಲು ಹೋದ ದಿನ ಅವರು ನನ್ನ ಮುಖ ನೋಡಲಿಲ್ಲ, ಬಲಗೈಯ ಹೆಬ್ಬೆರಳು ಹಿಡಿದು ನೋಡಿದರು. ಸೂಜಿಯ ಹಿಂಬದಿ ಒತ್ತಿ ಒತ್ತಿ ಅಲ್ಲಿ ಗಟ್ಟಿಯಾಗಿದೆ. "ಖೈರು-ಸ್ಸಿ, ನಾಳೆ ಬನ್ನಿ" ಎಂದರು. ಹೆಸರಿಗೆ ಸ್ಸಿ ಸೇರಿಸುವುದು ಅವರಲ್ಲಿ ಮರ್ಯಾದೆ. ಅವರಿಗೂ ನನಗೂ ಸೇರಿ ಬರುತ್ತಿದ್ದ ಇಂಗ್ಲಿಷ್ ಒಂದು ಕೈಚೀಲದಲ್ಲಿ ಹಿಡಿಸುವಷ್ಟು. ಅದಕ್ಕಿಂತ ಉದ್ದದ ಮಾತಾದರೆ ಶಾಂಭವಿ ಫೋನು ಮುಂದೆ ಹಿಡಿಯುತ್ತಿದ್ದಳು, ಅವರ ಕೊರಿಯನ್ ಮಾತು ಅದರಲ್ಲಿ ಇಂಗ್ಲಿಷ್ ಆಗುತ್ತಿತ್ತು, ಅವಳ ಬಾಯಲ್ಲಿ ಬಾಗಲಕೋಟೆ ಕನ್ನಡವಾಗುತ್ತಿತ್ತು.

ಅವರಿಗೆ ಆ ಹೆಬ್ಬಾಗಿಲು ಯಾಕೆ ಬೇಕಿತ್ತು ಎಂಬುದನ್ನು ಮೊದಲ ವಾರದಲ್ಲೇ ತಿಳಿದುಕೊಂಡೆ. ಅವರ ಗುರು ಅವರಿಗೆ ಒಂದು ಡ್ರ್ಯಾಗನ್ ಕಲಿಸಿ ಹೋಗಿದ್ದರು. ರೆಕ್ಕೆ ಇಲ್ಲ, ಹಾವಿನ ಮೈ, ಹದ್ದಿನ ಉಗುರು, ಮುದುಕರ ಗಡ್ಡ. ಹಿಡಿಯಲು ಹೋಗುತ್ತಿರುವ ಹಾಗೆ ಎದುರಿಗೆ ಒಂದು ಮಣಿ. ಅದನ್ನು ಹೆಬ್ಬಾಗಿಲಿನ ಕಮಾನಿನ ಸೂರಿಗೆ ಮಾತ್ರ ಬರೆಯಬೇಕು, ಕೆಳಗೆ ನಡೆದು ಹೋಗುವವರ ನೆತ್ತಿಯ ಮೇಲೆ. ಗುಡಿಗಿಲ್ಲ, ಮನೆಗಿಲ್ಲ. ಈ ಕಾಲದಲ್ಲಿ ಊರಿಗೆ ಕೋಟೆ ಕಟ್ಟುವವರು ಯಾರು? ಮೇಷ್ಟ್ರು ಬದುಕೆಲ್ಲ ಗುಡಿಗಳಿಗೆ, ಮಂಟಪಗಳಿಗೆ ಬಣ್ಣ ಹಾಕಿದರು, ಡ್ರ್ಯಾಗನ್ ಮಾತ್ರ ಕೈಯಲ್ಲೇ ಉಳಿಯಿತು. ಈ ತೋಟದವರು ಕರೆದಾಗ ಅಷ್ಟು ದೂರದಿಂದ ಬಂದುಬಿಟ್ಟರು. ಅಷ್ಟರಲ್ಲಿ ಕೈ ನಡುಗಲು ಹತ್ತಿತ್ತು. ಇದು ಅವರಿಗೆ ಸಿಕ್ಕ ಮೊದಲ ಹೆಬ್ಬಾಗಿಲು, ಇನ್ನೊಂದು ಸಿಗುವುದಿಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಕೆಲಸದ ರೀತಿ ಹೀಗೆ. ಮರಕ್ಕೆಲ್ಲ ಮೊದಲು ಹಸಿರು ಮಣ್ಣಿನ ಬಣ್ಣ ಬಳಿಯುತ್ತಾರೆ, ಪಾಚಿ ಕಟ್ಟಿದ ಕೆರೆಯ ಬಣ್ಣ. ದಪ್ಪ ಕಾಗದದ ಮೇಲೆ ಮೇಷ್ಟ್ರು ಗೆರೆ ಬರೆಯುತ್ತಾರೆ. ಕೆಳಗೆ ಕಂಬಳಿ ಹಾಸಿ ಆ ಗೆರೆಯುದ್ದಕ್ಕೂ ನಾನು ಸೂಜಿಯಲ್ಲಿ ಚುಚ್ಚಬೇಕು. ಚುಚ್ಚಿದ ಕಾಗದವನ್ನು ಮರಕ್ಕೆ ಒತ್ತಿ ಹಿಡಿದು, ಚಿಪ್ಪಿನ ಬಿಳಿ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ಮೆಲ್ಲಗೆ ತಟ್ಟುತ್ತಾರೆ. ಕಾಗದ ತೆಗೆದರೆ ಹಸಿರಿನ ಮೇಲೆ ಬಿಳಿ ಚುಕ್ಕಿ. ಆ ಹೊತ್ತಿನಲ್ಲಿ ಷೆಡ್ಡಿನ ಬಾಗಿಲಿಂದ ಬಿಸಿಲು ಓರೆಯಾಗಿ ಬೀಳುತ್ತಿದ್ದರೆ ಪುಡಿ ಗಾಳಿಯಲ್ಲಿ ನಿಂತುಬಿಡುತ್ತದೆ, ಬೀಳುವುದೇ ಇಲ್ಲ. ಮನುಷ್ಯರು ಅದರೊಳಗೆ ನಡೆದಾಡುವುದು ನೀರಿನೊಳಗೆ ನಡೆದಾಡಿದ ಹಾಗೆ. ತೊಲೆಯ ಮೇಲೆ ಚುಕ್ಕಿಗಳು ಕಮಲ ಆಗುವುದಕ್ಕೆ ಇನ್ನೂ ಎರಡು ಮನಸ್ಸಿನಲ್ಲಿ ಇರುತ್ತವೆ. ಆಮೇಲೆ ಕೆಂಪಿನವಳು ಬಂದು ತನ್ನ ಕೆಂಪನ್ನಷ್ಟೇ ತುಂಬುತ್ತಾಳೆ, ನೀಲಿಯವನು ನೀಲಿಯನ್ನಷ್ಟೇ. ಒಬ್ಬರಿಗೆ ಒಂದೇ ಬಣ್ಣ. ಕೊನೆಗೆ ಕಪ್ಪು ಗೆರೆ, ಬಿಳಿ ಗೆರೆ.

ಮೊದಲ ವಾರ ನಾನು ಮಾಡಿದ ಕೆಲಸ ಕೇಳಿ. ಆರಿ ಕೆಲಸದಲ್ಲಿ ಪುಡಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಉಜ್ಜುತ್ತೇವೆ, ಗುರುತು ಅಳಿಸಿ ಹೋಗಬಾರದೆಂದು. ತೊಲೆಯ ಮೇಲಿನ ಪುಡಿ ಉದುರುವುದು ಕಂಡು ನಾನೂ ಹಾಗೇ ಬೆರೆಸಿದೆ. ಗುರುತೇನೋ ಚೆನ್ನಾಗಿ ಕೂತಿತು. ಅದರ ಮೇಲೆ ಬಣ್ಣ ಕೂರಲಿಲ್ಲ, ಬಾಣಲೆಯಲ್ಲಿ ನೀರು ಉರುಳಿದ ಹಾಗೆ ಉರುಳಿತು. ಮೇಷ್ಟ್ರು ಬಗ್ಗಿ ಮೂಸಿ ನೋಡಿದರು.

"ಖೈರು-ಸ್ಸಿ, ಕಾರು ಇಲ್ಲಿ ನಿಲ್ಲಿಸಿದ್ರಾ?"

ಆ ತೊಲೆಯನ್ನು ಕೆತ್ತಿ ಮತ್ತೆ ಹಸಿರು ಬಳಿಯಬೇಕಾಯಿತು. ಕೆತ್ತಿದ್ದು ನಾನೇ.

ಅಂಟಿನದು ಇನ್ನೊಂದು ರಂಪ. ಈ ಬಣ್ಣಗಳು ಪುಡಿ. ಅವನ್ನು ಮರಕ್ಕೆ ಹಿಡಿಸುವುದು ಚರ್ಮ ಕುದಿಸಿ ಮಾಡಿದ ಅಂಟು. ಒಲೆಯ ಮೇಲೆ ಅದು ಕುದಿಯುತ್ತಿದ್ದಾಗ ನಾನು ದೂರ ನಿಂತು ಕೇಳಿದೆ, ಯಾವುದರ ಚರ್ಮ, ಹಂದಿಯದಾದರೆ ಮುಟ್ಟುವುದಿಲ್ಲ. ದನದ್ದು ಎಂದರು ಮೇಷ್ಟ್ರು. ನಾನು ಸರಿ ಎಂದು ಸೌಟು ಹಿಡಿಯುವಷ್ಟರಲ್ಲಿ ಶಾಂಭವಿ ಮೂಗಿಗೆ ದುಪಟ್ಟಾ ಒತ್ತಿ ಹೊರಗೆ ಓಡಿದಳು.

"ನಿಮಗ ನಡೀತೈತಿ, ನನಗ ನಡೀಬೇಕಲ್ರೀ! ನಮ್ಮವ್ವಗ ಗೊತ್ತಾದ್ರ ಫೋನಿನ್ಯಾಗ ಜಳಕ ಮಾಡಸ್ತಾಳ."

ಮೇಷ್ಟ್ರು ಇಬ್ಬರನ್ನೂ ನೋಡಿ, ಒಲೆ ಆರಿಸಿ, ಮರುದಿನ ಮೀನಿನ ಅಂಟು ತಂದರು. ಅದೂ ಹಳೆಯ ಪದ್ಧತಿಯೇ ಅಂತೆ. ಶಾಂಭವಿ ಅದಕ್ಕೂ ಮೂಗು ಮುಚ್ಚಿಕೊಂಡಳು, ಓಡಲಿಲ್ಲ. "ಇದು ಎಷ್ಟು ದಿವಸ ಹಿಡೀತೈತ್ರೀ?" ಎಂದು ಕೇಳಿದಳು. ನೀರು ಬೀಳದಿದ್ದರೆ ನಮಗಿಂತ ಹೆಚ್ಚು ಬಾಳುತ್ತದೆ, ನೀರು ಬಿದ್ದರೆ ಕರಗುತ್ತದೆ ಎಂದರು ಮೇಷ್ಟ್ರು.

ಚುಚ್ಚುವಾಗ ಅವರು ಎದುರು ಕೂತು ಹಳೇ ಬಾಗಿಲುಗಳ ಕಥೆ ಹೇಳುತ್ತಿದ್ದರು. ಫೋನು ಮೇಜಿನ ಮೇಲಿಟ್ಟು ಶಾಂಭವಿ ಹೇಳುತ್ತ ಹೋಗುತ್ತಿದ್ದಳು. ಸಿಯೋಲ್ ಪಟ್ಟಣದಲ್ಲಿ ಹೊತ್ತು ಮುಳುಗಿದ ಮೇಲೆ ಗಂಟೆ ಹೊಡೆದು ಬಾಗಿಲುಗಳನ್ನು ಮುಚ್ಚುತ್ತಿದ್ದರಂತೆ. ಹೊರಗೆ ಉಳಿದವರು ಹೊರಗೆ, ರಾಜನ ನೆಂಟನಾದರೂ. ಬಾಗಿಲಿನ ಮರದ ಕದಗಳಿಗೆ ಮೀನಿನ ಹುರುಪೆಯ ಹಾಗೆ ಕಬ್ಬಿಣದ ತಗಡು ಹೊದಿಸುತ್ತಿದ್ದರಂತೆ, ಬೆಂಕಿಯ ಬಾಣ ತಾಗದಿರಲೆಂದು. ಎದುರಿನ ಬೆಟ್ಟದ ತುದಿಗಳು ಉರಿಯುವ ಬೆಂಕಿಯ ಹಾಗೆ ಕಾಣುತ್ತವೆಂದು ದಕ್ಷಿಣದ ಬಾಗಿಲಿನ ಹೆಸರ ಹಲಗೆಯನ್ನು ಅಡ್ಡ ಬರೆಯದೆ ಉದ್ದಕ್ಕೆ ನಿಲ್ಲಿಸಿದ್ದಾರಂತೆ, ಹೆಸರೇ ಎದ್ದು ನಿಂತು ಬೆಂಕಿಯನ್ನು ತಡೆಯಲೆಂದು. ಮಳೆ ಬಾರದ ವರ್ಷ ಆ ದಕ್ಷಿಣದ ಬಾಗಿಲು ಮುಚ್ಚಿ ಉತ್ತರದ್ದನ್ನು ತೆರೆಯುತ್ತಿದ್ದರಂತೆ. ದಕ್ಷಿಣ ಬೆಂಕಿಯ ದಿಕ್ಕು, ಉತ್ತರ ನೀರಿನ ದಿಕ್ಕು.

"ಹಂಗಾರ ಈ ಕ್ಯಾಲಿಫೋರ್ನಿಯಾಕ್ಕ ದಕ್ಷಿಣದ ಬಾಗಲಾನ ಇಡಬಾರದು ಬಿಡ್ರೀ" ಎಂದಳು ಶಾಂಭವಿ. ಆ ವರ್ಷ ಹುಲ್ಲಿಗೆ ನೀರು ಬಿಡಬೇಡಿ ಎಂದು ಪೊವೇಯಲ್ಲಿ ಮನೆಮನೆಗೆ ಹೇಳಿ ಹೋಗಿದ್ದರು.

ಮಧ್ಯಾಹ್ನ ಊಟವಾದ ಮೇಲೆ ತೊಲೆಗಳ ನಡುವಿನ ಬೆಂಚಿನ ಮೇಲೆ ಸ್ವಲ್ಪ ಒರಗುತ್ತಿದ್ದೆ. ಕನಸು ಗಿನಸು ನಂಬುವವಳಲ್ಲ ನಾನು. ಬಂದದ್ದು ಬಂತು, ಹೇಳುತ್ತೇನೆ. ಆ ಹೆಬ್ಬಾಗಿಲು ಫ್ರೀವೇ ನಡುವೆ ನಿಂತಿದೆ. ಕಾರುಗಳೆಲ್ಲ ದೀಪ ಹಾಕಿಕೊಂಡು, ಸದ್ದಿಲ್ಲದೆ, ಎತ್ತಿನ ಗಾಡಿಯ ವೇಗದಲ್ಲಿ ಒಂದೊಂದೇ ಒಳಗೆ ಹೋಗುತ್ತಿವೆ. ಗಂಟೆ ಹೊಡೆಯುತ್ತಿದೆ. ಗಾಳಿಯ ತುಂಬ ಬಿಳಿ ಪುಡಿ. ಕಾವಲಿನವನು ನನ್ನ ಮುಂದೆ ಕದ ಮುಚ್ಚುತ್ತಾ ನೀನು ಯಾವ ಕಡೆಯವಳು ಎಂದು ಕೇಳುತ್ತಾನೆ. ಆ ಕಡೆ ಈ ಕಡೆ ನೋಡಿದೆ. ಕೋಟೆಯ ಗೋಡೆಯೇ ಇರಲಿಲ್ಲ. ಬಾಗಿಲಿನ ಪಕ್ಕದಿಂದ ನಡೆದು ಹೋದೆ.

ಇದನ್ನು ಹೇಳಿದಾಗ ಮೇಷ್ಟ್ರು ನಗಲಿಲ್ಲ. ತಮಗೂ ಅದೇ ಕನಸು ಬೀಳುತ್ತದೆ, ಆದರೆ ತಮ್ಮದರಲ್ಲಿ ಗೋಡೆ ಇರುತ್ತದೆ, ತಾವು ಬರುವಷ್ಟರಲ್ಲಿ ಮುಚ್ಚಿರುತ್ತದೆ ಎಂದರು.

ನಡುವೆ ಮೆಷಿನ್ ಬಂತು. ಕಂಪ್ಯೂಟರಿನಲ್ಲಿ ಗೆರೆ ಹಾಕಿ ಕೊಟ್ಟರೆ ಬೆಳಕಿನಿಂದ ಸುಟ್ಟು ತೂತು ಹೊಡೆಯುವ ಮೆಷಿನ್. ಶಾಂಭವಿ ಹೆದರಿ ಹೆದರಿ ತೋರಿಸಿದಳು, ನಾನು ಮುನಿಸಿಕೊಳ್ಳುತ್ತೇನೆಂದು. ತೂತು ಚೆನ್ನಾಗಿಯೇ ಬಿತ್ತು, ಸುಳ್ಳು ಯಾಕೆ ಹೇಳಲಿ. ಒಂದೇ ಥರದ ಕಮಲವನ್ನು ಸಾಲು ತೊಲೆಗಳಿಗೆ ಇಳಿಸಬೇಕಾದರೆ ಮೆಷಿನ್ನೇ ಸರಿ. ನೀವೂ ಅದರಲ್ಲೇ ಮಾಡಿ, ಬೆರಳು ಉಳಿಯುತ್ತದೆ. ಡ್ರ್ಯಾಗನ್ ಒಂದನ್ನು ಮಾತ್ರ ಮೇಷ್ಟ್ರು ಸೂಜಿಗೇ ಇಟ್ಟಿದ್ದರು. ಗುರು ಕಲಿಸಿದ ಹಾಗೆ ಅದನ್ನು ಕಾಗದದ ಮೇಲೆ ಬರೆದು ಮುಗಿಸಿದ್ದರು. ಕಮಾನಿನ ಸೂರಿನ ನಟ್ಟನಡುವೆ ಅದರ ಹೊಟ್ಟೆ, ಸುತ್ತ ಸುರುಳಿ ಸುತ್ತಿದ ಮೈ, ಒಂದು ಮೂಲೆಯಲ್ಲಿ ಮಣಿ.

ಆಗ ಫೈರ್ ಇನ್ಸ್‌ಪೆಕ್ಟರ್ ಬಂದ. ಕೆಟ್ಟವನಲ್ಲ. ಮೃದು ಮಾತಿನ ದಪ್ಪ ಮನುಷ್ಯ, ಬಂದವನು ಮೊದಲು ಬಣ್ಣಗಳನ್ನೆಲ್ಲ ಬಾಯಿ ತೆರೆದು ನೋಡಿದ. ಆಮೇಲೆ ಹೇಳಿದ: ಜನ ಓಡಾಡುವ ಮರದ ಸೂರು, ಬೆಂಕಿ ಬಿದ್ದರೆ ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಅಲ್ಲಿ ಇರಲೇಬೇಕು. ಒಂದೇ ಸಾಕು, ಆದರೆ ನಟ್ಟನಡುವೆ ಇರಬೇಕು, ನೀರು ಎಲ್ಲ ಮೂಲೆಗೂ ಬೀಳಬೇಕು.

ನಟ್ಟನಡುವೆ ಎಂದರೆ ಡ್ರ್ಯಾಗನ್ನಿನ ಹೊಟ್ಟೆ.

ಮೇಷ್ಟ್ರು ತಾವು ಬರೆದಿದ್ದ ಕಾಗದ ಸುತ್ತಿ ಕಪಾಟಿನಲ್ಲಿಟ್ಟರು. ತೋಟದವರು ಬಂದು ಕೈ ಮುಗಿಯುವಷ್ಟು ಮಾಡಿದರು. ಗುರುವಿನ ಡ್ರ್ಯಾಗನ್ನಿನ ಹೊಟ್ಟೆಗೆ ಪೈಪು ಚುಚ್ಚುವುದಿಲ್ಲ ಎಂದರು ಮೇಷ್ಟ್ರು. ಬೇರೆ ಡ್ರ್ಯಾಗನ್ ಬರೆಯಿರಿ ಎಂದರು ತೋಟದವರು. ಗುರು ಕೊಟ್ಟ ಗೆರೆಯನ್ನು ಶಿಷ್ಯ ಬದಲಾಯಿಸುವುದಿಲ್ಲ, ಅದು ನಮ್ಮಲ್ಲಿ ಇಲ್ಲ ಎಂದರು. ಹಾಗಾದರೆ ಬರೀ ಹಸಿರು ಬಳಿದು ಬಿಡೋಣ ಎಂದರು ತೋಟದವರು. ಬಳಿಯಿರಿ, ನಾನು ಊರಿಗೆ ಹೋಗುತ್ತೇನೆ ಎಂದರು ಮೇಷ್ಟ್ರು. ಸೂರಿನ ಹಲಗೆಗಳು ಹಸಿರು ಬಳಿಸಿಕೊಂಡು ಗೋಡೆಗೆ ಒರಗಿ ನಿಂತವು. ಷೆಡ್ಡಿಗೆ ಬಂದವರೆಲ್ಲ ಅವುಗಳ ಮುಂದೆ ಬೇಗ ಬೇಗ ನಡೆಯುತ್ತಿದ್ದರು.

ನನಗೆ ಸುಮ್ಮನಿರಲು ಬರುವುದಿಲ್ಲ. "ಮೇಷ್ಟ್ರೇ, ನಮ್ಮ ಕೆಲಸದಲ್ಲಿ ಸೂಜಿ ತಾಗಿ ರೇಷ್ಮೆ ಹರಿದ್ರೆ ಬಟ್ಟೆ ಎಸೆಯಲ್ಲ. ತೂತಿನ ಮೇಲೆ ಒಂದು ಕಲ್ಲು ಕೂರಿಸಿ, ಬಳ್ಳೀನ ಅದರ ಕಡೆಗೆ ತಿರುಗಿಸ್ತೀವಿ. ನಿಮ್ಮ ಹಾವಿಗೂ ಒಂದು ಮಣಿ ಇದೆಯಲ್ಲ, ಅದನ್ನು ತಂದು ತೂತಿನ ಮೇಲೆ ಇಡಿ" ಎಂದೆ.

ಶಾಂಭವಿ ಫೋನಿಗೆ ಹೇಳಲು ಹಿಂದೆ ಮುಂದೆ ನೋಡಿದಳು. "ಆಂಟಿ, ಹಾವು ಅಂತ ಹೇಳ್ಲೇನ್ರೀ?"

"ಹೇಳು."

ಕೇಳಿ ಅವರ ಬೋಳು ತಲೆ ಕೆಂಪಾಯಿತು. "ಇದು ಬ್ಲೌಸ್ ಅಲ್ಲ" ಎಂದರು, ಇಂಗ್ಲಿಷಿನಲ್ಲೇ. ಫೋನು ಬೇಕಾಗಲಿಲ್ಲ. ನಾನೂ ಬಿಡಲಿಲ್ಲ. "ಬ್ಲೌಸ್ ಆಗಿದ್ರೆ ಇಷ್ಟೊತ್ತಿಗೆ ಮದುವೆಗೆ ಹೋಗಿರ್ತಿತ್ತು" ಎಂದೆ. ವಾರವಿಡೀ ನಾವಿಬ್ಬರೂ ಮಾತಾಡಲಿಲ್ಲ. ಅವರು ಟಿಕೆಟ್ ನೋಡುತ್ತಿದ್ದಾರೆ ಎಂದು ಶಾಂಭವಿ ಬಂದು ಪಿಸುಗುಟ್ಟಿದಳು. ಯಜಮಾನರ ಮುಂದೆ ಹೇಗೆ ಮಾತಾಡಬೇಕೆಂದು ನನ್ನಿಂದ ಕಲಿಯಬೇಡಿ.

ಮಂಟಪದ ಮಾಡಿಗೆ ಕೊನೆಯ ಹೆಂಚುಗಳನ್ನು ಕೂರಿಸುವ ದಿನ ನಮ್ಮನ್ನೂ ಲಾಸ್ ಏಂಜಲೀಸಿಗೆ ಕರೆದರು. ಶಾಂಭವಿ ಡ್ರೈವ್ ಮಾಡಿದಳು, ಮೇಷ್ಟ್ರು ಅವಳ ಪಕ್ಕದ ಸೀಟಿನಲ್ಲಿ. ದಾರಿಯುದ್ದಕ್ಕೂ ಎಡಗಡೆ ಸಮುದ್ರ, ಅದರ ಮೇಲೆ ಮಂಜು. ನಾವು ಹೋಗುತ್ತಿದ್ದೇವೋ ದಾರಿಯೇ ನಮ್ಮ ಕೆಳಗೆ ಜಾರುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ತೋಟದಲ್ಲಿ ಹೆಬ್ಬಾಗಿಲು ಮಂಜಿನೊಳಗೆ ನಿಂತಿತ್ತು. ಕಟ್ಟೆ ಕಾಣುವುದಿಲ್ಲ, ಮಾಡಿನ ತುದಿಗಳು ಮಾತ್ರ ಮೇಲೆ ತೇಲುತ್ತಿವೆ. ಹತ್ತಿರ ಹೋದ ಹಾಗೆ ನಾನು ಚುಚ್ಚಿದ ಕಮಲಗಳು ಒಂದೊಂದಾಗಿ ಹೊರಗೆ ಬಂದವು. ನನ್ನ ಕೈಯದೇ ಆದರೂ ನನಗೆ ಪರಿಚಯ ಇಲ್ಲದವುಗಳ ಹಾಗೆ ಕಂಡವು.

ಕಮಾನಿನ ಕೆಳಗೆ ಆ ಇನ್ಸ್‌ಪೆಕ್ಟರ್ ಇದ್ದ. ಮೇಷ್ಟ್ರು ಅವನಿಗೆ ತಲೆ ಬಾಗಿಸಿ, ಆ ಸಾಮಾನು ತೋರಿಸು ಎಂದರು. ಅವನು ಜೇಬಿನಿಂದ ತೆಗೆದು ಅವರ ಅಂಗೈಯಲ್ಲಿಟ್ಟ. ಹಿತ್ತಾಳೆಯ ಚಿಕ್ಕ ಮೂತಿ, ಅದರ ನಡುವೆ ಗಾಜಿನ ಒಂದು ಬುರುಡೆ, ಒಳಗೆ ಕೆಂಪು ದ್ರವ. ಕಿರುಬೆರಳ ಉಗುರಿನಷ್ಟು. ಬಿಸಿ ತಾಗಿದರೆ ಬುರುಡೆ ಒಡೆಯುತ್ತದೆ, ಒಡೆದರೆ ನೀರು ಬರುತ್ತದೆ ಎಂದ.

"ಕೇಳು, ನೀರು ಬಂದರೆ ಬಣ್ಣ ಏನಾಗುತ್ತೆ" ಎಂದು ಮೇಷ್ಟ್ರು ಶಾಂಭವಿಗೆ ಹೇಳಿದರು.

ಅವಳು ಕೇಳಲೇ ಇಲ್ಲ. "ಮೇಷ್ಟ್ರ, ಅದು ನಿಮಗ ಗೊತ್ತೈತಿ. ಮೀನಿನ ಅಂಟು. ತೊಳ್ಕೊಂಡು ಹೋಗ್ತೈತಿ" ಎಂದು ಕನ್ನಡದಲ್ಲೇ ಅಂದು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು.

ಅವರು ಆ ಗಾಜನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ವಾಪಸು ಬರುವಾಗ ಕಾರಿನಲ್ಲಿ ಮೊದಲ ಬಾರಿಗೆ ಗುರುವಿನ ಊರಿನ ಹೆಬ್ಬಾಗಿಲಿನ ಮಾತು ತೆಗೆದರು. ಬೆಂಕಿ ಡ್ರ್ಯಾಗನ್ನಿಗೆ ಹೆದರುತ್ತದೆ, ಅದು ನೀರಿನ ಒಡೆಯ, ಅದಕ್ಕೇ ಸೂರಿನಲ್ಲಿ ಬರೆಯುವುದು ಎಂದು ಗುರು ಹೇಳಿಕೊಟ್ಟಿದ್ದರಂತೆ. ಯುದ್ಧದ ಕಾಲದಲ್ಲಿ ಆ ಹೆಬ್ಬಾಗಿಲು ಹೊತ್ತಿಕೊಂಡಿತು. ಹುಡುಗನಾಗಿದ್ದ ಗುರು ದೂರದಿಂದ ನೋಡಿದ್ದರು. ಡ್ರ್ಯಾಗನ್ ಕೊನೆಯ ತನಕ ಸೂರಿನಲ್ಲೇ ಇತ್ತು. ಉರಿ ನೋಡುತ್ತಾ ಇತ್ತು. ಒಂದು ಹನಿ ಬರಲಿಲ್ಲ.

"ಗುರುವಿಗೆ ಅದೇ ನಾಚಿಕೆ. ಸಾಯುವ ತನಕ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಈ ಡ್ರ್ಯಾಗನ್ನಿಗೆ ನೀರು ಕೊಡ್ತಿದ್ದಾರೆ" ಎಂದರು.

ಹಿಂದಿನ ಸೀಟಿನಲ್ಲಿ ಕೂತಿದ್ದ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ಬುದ್ಧಿ ಆ ದಿನ ಎಲ್ಲಿಂದ ಬಂತೋ.

ಮರುದಿನ ಹೊಸ ಕಾಗದ ಹಾಸಿದರು. ನಟ್ಟನಡುವೆ ಒಂದು ದುಂಡು ಬರೆದರು, ಮಣಿ. ಡ್ರ್ಯಾಗನ್ ನಾಲ್ಕೂ ಕಡೆಯಿಂದ ಅದರ ಸುತ್ತ ಬಂದು, ಬಾಯಿ ತೆರೆದು, ಮಣಿಯನ್ನು ಇನ್ನೇನು ಮುಟ್ಟುವ ಹಾಗೆ. ಗುರು ಬರೆದದ್ದಲ್ಲ ಅದು, ಯಾರೂ ಬರೆದದ್ದಲ್ಲ. ಕೈ ನಡುಗುತ್ತಿತ್ತು. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬರೆದರು. ಗಡ್ಡದ ಗೆರೆಗಳು, ಕುತ್ತಿಗೆಯ ಕೂದಲಿನ ಗೆರೆಗಳು ನೀರಿನಲ್ಲಿ ಬಿದ್ದ ಕಡ್ಡಿಯ ನೆರಳಿನಂತೆ ಅಲುಗಿದವು. ಮುಗಿಯಲು ಬಹಳ ದಿನ ಹಿಡಿಯಿತು. ಕೆಲವು ದಿನ ಒಂದು ಉಗುರು ಮಾತ್ರ.

ಚುಚ್ಚಲು ನನ್ನ ಮುಂದೆ ಬಂದಾಗ ನಾನು ನೇರ ಮಾಡಲು ನೋಡಿದೆ. ಗೆರೆ ಅಲುಗಿದ ಕಡೆ ಸೂಜಿಯನ್ನು ನಡುವೆ ನಡೆಸಿ ಸಮ ಮಾಡಿಕೊಂಡು ಹೋದೆ. ಅದು ನಮ್ಮ ಕೈಯ ಅಭ್ಯಾಸ. ಮೇಷ್ಟ್ರು ಕಾಗದ ಎತ್ತಿ ಬೆಳಕಿಗೆ ಹಿಡಿದರು.

"ಇದು ಯಾರ ಗೆರೆ?"

"ನಿಮ್ಮದೇ. ಸ್ವಲ್ಪ ಇಸ್ತ್ರಿ ಮಾಡಿದೀನಿ."

"ಬೇಡ. ನಡುಗಿದ ಹಾಗೇ ಚುಚ್ಚಿ."

"ಮೇಷ್ಟ್ರೇ, ಜನ ನೋಡಿ ನಗ್ತಾರೆ."

"ನಗಲಿ. ಡ್ರ್ಯಾಗನ್ ನೀರಲ್ಲಿದೆ. ನೀರಲ್ಲಿ ನೇರ ಏನಿದೆ?"

ಆ ತುಂಡಿನ ತೂತುಗಳ ಮೇಲೆ ಕಾಗದ ಅಂಟಿಸಿ, ಮತ್ತೆ ಬರೆಸಿ, ಮತ್ತೆ ಚುಚ್ಚಿದೆ. ನಡುಗಿದ ಗೆರೆ ಚುಚ್ಚುವುದು ನೇರ ಗೆರೆಗಿಂತ ಕಷ್ಟ. ಇನ್ನೊಬ್ಬರ ನಡುಕ ನಮ್ಮ ಬೆರಳಿಗೆ ಬರಬೇಕು. ಒಂದು ಹೊತ್ತಿನಲ್ಲಿ ಯಾರ ಕೈ ಯಾವುದು ಎಂದೇ ಮರೆತುಹೋಗುತ್ತಿತ್ತು. ಪುಡಿ ತಟ್ಟಿ ಕಾಗದ ಎತ್ತಿದ ದಿನ, ಹಸಿರು ಹಲಗೆಗಳ ಮೇಲೆ ಬಿಳಿ ಚುಕ್ಕಿಗಳ ಡ್ರ್ಯಾಗನ್ ಬಿದ್ದಿತ್ತು. ಯಾರೋ ಷೆಡ್ಡಿನ ಬಾಗಿಲು ತೆರೆದರು, ಗಾಳಿ ಬಂತು. ಚುಕ್ಕಿಗಳು ಒಂದಿಷ್ಟು ಎದ್ದು ಮತ್ತೆ ಕೂತವು. ಅದು ಮಗ್ಗುಲು ಬದಲಾಯಿಸಿತು ಎಂದಳು ಶಾಂಭವಿ. ನನಗೂ ಹಾಗೇ ಕಂಡಿತು. ಮೇಷ್ಟ್ರು ಎಲ್ಲರನ್ನೂ ದೂರ ಕಳಿಸಿ, ನೀಲಿಯನ್ನು ತಾವೇ ತುಂಬಿದರು.

ಹಲಗೆಗಳನ್ನು ಕಮಾನಿನ ಸೂರಿಗೆ ಏರಿಸಿದ್ದಾಯಿತು. ಮಣಿಯ ನಡುವಿನ ರಂಧ್ರದಿಂದ ಹಿತ್ತಾಳೆಯ ಮೂತಿ ಇಳಿದು ನಿಂತಿತು. ಕೆಳಗಿನಿಂದ ನೋಡಿದರೆ ಮಣಿಯೊಳಗೆ ಒಂದು ಕೆಂಪು ಕಿಡಿ. ಪೈಪಿಗೆ ನೀರು ತುಂಬಿ ಪರೀಕ್ಷೆ ಮಾಡುವ ದಿನ ನಾವೆಲ್ಲ ಹೋಗಿದ್ದೆವು. ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ನೇರ ಮಣಿಯ ಕೆಳಗೆ ಹೋಗಿ ನಿಂತು ತಲೆ ಎತ್ತಿದರು. ಪೈಪಿನವರು ಎಲ್ಲೋ ತಿರುಪು ತಿರುಗಿಸಿದರು. ಸೂರಿನ ಮೇಲೆ ನೀರು ಓಡಿ ಬರುವ ಸದ್ದು, ದೊಡ್ಡದೊಂದು ಪ್ರಾಣಿ ಉಸಿರೆಳೆದುಕೊಂಡ ಹಾಗೆ.

ಮೂತಿಯ ತಿರುಪು ಸರಿಯಾಗಿ ಕೂತಿರಲಿಲ್ಲ. ಅಂಚಿನಲ್ಲಿ ಒಂದು ಹನಿ ಮೂಡಿತು. ದಪ್ಪವಾಯಿತು. ಬೀಳದೆ, ಡ್ರ್ಯಾಗನ್ನಿನ ಗಡ್ಡದ ಒಂದು ಎಳೆ ಹಿಡಿದುಕೊಂಡು ಜಾರಿ, ಅಲ್ಲಿಯ ನೀಲಿಯನ್ನು ಎತ್ತಿಕೊಂಡು ಬಿತ್ತು, ಮೇಷ್ಟ್ರ ಬೋಳು ತಲೆಯ ಮೇಲೆ.

ಪೈಪಿನವರು ಕೂಗಿಕೊಂಡರು. ಯಾರೋ ನೀರು ನಿಲ್ಲಿಸಲು ಓಡಿದರು. ಇನ್ಸ್‌ಪೆಕ್ಟರ್ ಸಾರಿ ಸಾರಿ ಎನ್ನುತ್ತ ಬಂದ. ಶಾಂಭವಿ ಅಳು ಮುಖ ಮಾಡಿಕೊಂಡು, "ಆಂಟಿ, ಲಗೂ ಬಣ್ಣ ಕಲಸ್ರೀ, ಒಣಗೂದ್ರೊಳಗ ಮುಚ್ಚಿಬಿಡೂಣು" ಎಂದಳು. ನಾನು ಬಟ್ಟಲಿನಲ್ಲಿ ನೀಲಿ ಕಲಸಿಕೊಂಡು, ಸೊಂಟ ಹಿಡಿದುಕೊಂಡು ಏಣಿ ಹತ್ತಿದೆ. ಮೇಲೆ ಹೋಗಿ ನೋಡಿದರೆ ಗಡ್ಡದ ಆ ಎಳೆಯುದ್ದಕ್ಕೂ ನೀಲಿ ತೊಳೆದುಹೋಗಿ ಕೆಳಗಿನ ಹಸಿರು ಕಾಣುತ್ತಿತ್ತು, ಒಂದು ಬೆರಳಿನಷ್ಟು ಉದ್ದ.

ಕೆಳಗೆ ಮೇಷ್ಟ್ರು ತಲೆ ಸವರಿಕೊಂಡು ಬೆರಳು ನೋಡಿದರು. ಬೆರಳ ತುದಿ ನೀಲಿಯಾಗಿತ್ತು.

"ಖೈರು-ಸ್ಸಿ, ಇಳಿಯಿರಿ" ಎಂದರು.

"ಒಂದು ನಿಮಿಷದ ಕೆಲಸ, ಮೇಷ್ಟ್ರೇ."

"ಬೇಡ. ಅದು ಕೆಲಸ ಶುರು ಮಾಡಿದೆ."

ಆಮೇಲೆ ಆ ಮುದುಕ ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ತಲೆಯ ಮೇಲಿನ ನೀಲಿ ಒರೆಸಿಕೊಳ್ಳದೆ ಕಮಾನಿನ ಆ ತುದಿಯಿಂದ ಈ ತುದಿಗೆ ನಡೆದರು, ಮತ್ತೆ ತಿರುಗಿ ನಡೆದರು. ಪೈಪಿನವರು ತಿರುಪು ಬಿಗಿ ಮಾಡಿಕೊಳ್ಳಲು ಕಾಯುತ್ತಿದ್ದರು.

ಆ ಗಡ್ಡದ ಎಳೆ ಈಗಲೂ ಹಾಗೇ ಇದೆ. ನೋಡಿದವರು ಬಣ್ಣ ಹೋಗಿದೆ ಎಂದು ನಿಮಗೆ ದೂರು ಹೇಳುತ್ತಾರೆ, ಹೇಳಲಿ. ಹತ್ತಿ ಸರಿಮಾಡಲು ಹೋಗಬೇಡಿ. ಆ ದಿನ ನಾನು ಏಣಿ ಇಳಿದು, ಬಟ್ಟಲಿನ ನೀಲಿಯನ್ನು ಹುಲ್ಲಿನ ಮೇಲೆ ಚೆಲ್ಲಿ, ಬಟ್ಟಲು ತೊಳೆದಿಟ್ಟೆ.